‘ಬೆಡಗಿ’ ಇಲ್ಲದ ಅಡಿಬರಹ

ಸಿನಿಮಾ ಪುರವಣಿಯ ಡೆಸ್ಕಿನಲ್ಲಿ ಕೂತು ಹದಿನಾಲ್ಕು ವರ್ಷ ಆಯಿತು. ದಿನದ ಅರ್ಧ ಕೆಲಸ ಫೋಟೊಗಳಿಗೆ ಅಡಿಬರಹ ಬರೆಯುವುದು. ಎರಡು ಸಾಲು, ಅಷ್ಟೇ. ಆದರೆ ಸುದ್ದಿ ಓದದವರೂ ಆ ಎರಡು ಸಾಲು ಓದುತ್ತಾರೆ.

ಸೇರಿದ ಹೊಸದರಲ್ಲಿ ಕಲಿತ ಮೊದಲ ಪದ ‘ಬೆಡಗಿ’. ನಟಿ ಮಂಗಳೂರಿನವರಾದರೆ ಕರಾವಳಿ ಬೆಡಗಿ. ಮಡಿಕೇರಿಯವರಾದರೆ ಕೊಡಗಿನ ಕುವರಿ. ಕೆನ್ನೆಯಲ್ಲಿ ಗುಳಿ ಬಿದ್ದರೆ ಗುಳಿಕೆನ್ನೆ ಚೆಲುವೆ. ಕೈ ತಾನಾಗಿಯೇ ಬರೆಯುತ್ತಿತ್ತು. ಹೀರೊ ಫೋಟೊ ಬಂದರೆ ಅವರ ಹೆಸರು, ಚಿತ್ರದ ಹೆಸರು, ಮುಂದಿನ ಕೆಲಸ ಬರೆಯುತ್ತಿದ್ದೆ. ಅವರ ಊರನ್ನೂ ಕೆನ್ನೆಯನ್ನೂ ಯಾರೂ ಕೇಳುತ್ತಿರಲಿಲ್ಲ.

ಒಂದು ರಾತ್ರಿ ಯಶ್ ಮತ್ತು ರಾಧಿಕಾ ಪಂಡಿತ್ ಒಟ್ಟಿಗೆ ಇದ್ದ ಫೋಟೊ ಬಂತು. ಪುಟ ಕಳಿಸಲು ಹತ್ತು ನಿಮಿಷ ಬಾಕಿ. ‘ಪತ್ನಿಯೊಂದಿಗೆ ಯಶ್’ ಎಂದು ಬರೆದು ಕಳಿಸಿದೆ. ಪುಟ ಕಟ್ಟುತ್ತಿದ್ದ ಹುಡುಗ ತಿರುಗಿ ನೋಡಿ, “ಅಕ್ಕಾ, ಅವರ ಹೆಸರು ಬಿಟ್ಟೋಗಿದೆ” ಎಂದ.

“ಪತ್ನಿ ಅಂತ ಇದೆಯಲ್ಲಪ್ಪ.”

“ನಮ್ಮಮ್ಮ ಪೇಪರ್ ತೆಗೆಯೋದೇ ರಾಧಿಕಾ ಅವರ ಫೋಟೊ ಬಂದಿದ್ಯಾ ಅಂತ ನೋಡೋಕೆ, ಅಕ್ಕಾ.”

ಮುಖಕ್ಕೆ ನೀರು ಎರಚಿದ ಹಾಗಾಯಿತು. ಇಬ್ಬರೂ 2008ರಲ್ಲಿ ‘ಮೊಗ್ಗಿನ ಮನಸು’ ಚಿತ್ರದಲ್ಲಿ ಒಟ್ಟಿಗೆ ನಟಿಸಿದವರು. ಅದರ ಅಭಿನಯಕ್ಕೆ ರಾಧಿಕಾ ಅವರಿಗೆ ಫಿಲ್ಮ್‌ಫೇರ್ ಶ್ರೇಷ್ಠ ನಟಿ ಪ್ರಶಸ್ತಿ ಸಿಕ್ಕಿತ್ತು. ಮದುವೆ ಆಗಿದ್ದು 2016ರಲ್ಲಿ. ಅಷ್ಟು ವರ್ಷದ ದುಡಿಮೆಯನ್ನು ನಾನು ಒಂದೇ ಪದದಲ್ಲಿ ಅಳಿಸಿದ್ದೆ. ಅದೂ ಒಬ್ಬ ಹೆಂಗಸಾಗಿ.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಅಡಿಬರಹ ಬರೆದ ಮೇಲೆ ನಟಿಯ ಹೆಸರು ತೆಗೆದು ಅಲ್ಲಿ ನಟನ ಹೆಸರು ಇಟ್ಟು ಓದುತ್ತೇನೆ. ‘ಬಳುಕುವ ಬಳ್ಳಿಯಂತೆ ಮಿಂಚಿದ’ ಎಂದು ಹೀರೊಗೆ ಬರೆಯಲು ಆಗುತ್ತದಾ? ಆಗದಿದ್ದರೆ ಆ ಸಾಲು ನಟಿಗೂ ಬೇಡ. ಇನ್ನೊಂದು, ಕ್ರಿಯಾಪದ. ಇದು ನಮ್ಮ ಭಾಷೆಯಲ್ಲಿ ಎದ್ದು ಕಾಣುವ ವಿಷಯ. ಗಾಸಿಪ್ ಸುದ್ದಿಗಳಲ್ಲಿ ನಟ ‘ಹೇಳಿದ್ದಾರೆ’, ನಟಿ ‘ಹೇಳಿದ್ದಾಳೆ’. ಒಂದೇ ಪುಟದಲ್ಲಿ ಅವರಿಗೆ ಬಹುವಚನ, ಇವರಿಗೆ ಏಕವಚನ. ನನ್ನ ಕೈಗೆ ಬಂದ ಪ್ರತಿಯೊಂದು ‘ಳೆ’ಯನ್ನೂ ‘ರೆ’ ಮಾಡಿದೆ. ಯಾರನ್ನೂ ಕೇಳಲಿಲ್ಲ. ಯಾರೂ ಬೇಡ ಅನ್ನಲೂ ಇಲ್ಲ.

ಬಣ್ಣದ ಮಾತು ಅಷ್ಟು ಸುಲಭಕ್ಕೆ ಹೋಗಲಿಲ್ಲ. 2020ರಲ್ಲಿ ‘ಫೇರ್ ಅಂಡ್ ಲವ್ಲಿ’ ತನ್ನ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ ಅಂಡ್ ಲವ್ಲಿ’ ಆಯಿತಲ್ಲ, ಆ ಸುದ್ದಿಯನ್ನು ನಾನೇ ಎಡಿಟ್ ಮಾಡಿದ್ದೆ. ಮಾರನೇ ದಿನ ನೋಡಿದರೆ ಅದೇ ಪುಟದ ಕೆಳಗೆ ‘ಹಾಲುಗೆನ್ನೆಯ ಚೆಲುವೆ’ ಅಂತ ಇದೆ. ಬರೆದವಳು ನಾನೇ. ಬೇಜಾರಾಯಿತು. ಕ್ರೀಮಿನ ಡಬ್ಬಿಯ ಮೇಲಿಂದ ಹೋದ ಪದ ನನ್ನ ಕೀಲಿಮಣೆಯಲ್ಲಿ ಇನ್ನೂ ಇತ್ತು. ಇದು ಹಳೇ ರೂಢಿ. ನಮ್ಮ ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್ ಅವರನ್ನೇ ನೋಡಿ. ಆ ಕಾಲದಲ್ಲೇ ಪದವಿ ಓದಿದ್ದ ನಟಿ. ಜನರಿಗೆ ನೆನಪಿರೋದು ಮಾತ್ರ 1941ರಲ್ಲಿ ಲಕ್ಸ್ ಸೋಪಿನ ಜಾಹೀರಾತಿಗೆ ಬಂದ ಚೆಲುವೆ ಅಂತ.

ಸೆಲೆಬ್ರಿಟಿ ಜೋಡಿಗಳ ಫೋಟೊಗಳ ವಿಷಯದಲ್ಲಿ ನಾನು ಹೆಚ್ಚು ಹುಷಾರಾಗಿರುತ್ತೇನೆ. 2015ರ ವಿಶ್ವಕಪ್ ಸೆಮಿಫೈನಲ್ ನೆನಪಿದೆಯಾ? ಸಿಡ್ನಿಯಲ್ಲಿ ವಿರಾಟ್ ಕೊಹ್ಲಿ 1 ರನ್ನಿಗೆ ಔಟಾದರು. ಬೈಗುಳ ತಿಂದವರು ಸ್ಟೇಡಿಯಂನಲ್ಲಿ ಕೂತಿದ್ದ ಅನುಷ್ಕಾ ಶರ್ಮಾ. ನಮ್ಮಲ್ಲಿ ಇದಕ್ಕೆ ಪದ ಸಿದ್ಧವಾಗೇ ಇದೆ, ‘ಕಾಲ್ಗುಣ’. 2016ರಲ್ಲಿ ಕೊಹ್ಲಿ ಅವರೇ ಅನುಷ್ಕಾ ಅವರನ್ನು ಆಡಿಕೊಳ್ಳುವವರಿಗೆ ನಾಚಿಕೆ ಆಗಬೇಕು ಅಂತ ಬಹಿರಂಗವಾಗಿ ಬರೆದರು. ಮರುವರ್ಷ ಅಕ್ಟೋಬರಿನಲ್ಲಿ ಇದೇ ಇಬ್ಬರು ಮದುವೆ ಬಟ್ಟೆಯ ಜಾಹೀರಾತಿನಲ್ಲಿ ಬಂದಾಗ ಎಲ್ಲರಿಗೂ ಮುದ್ದು ಜೋಡಿ. ಡಿಸೆಂಬರಿನಲ್ಲಿ ಇಟಲಿಯಲ್ಲಿ ನಿಜವಾದ ಮದುವೆ ಆಯಿತು. ಬಟ್ಟೆ ಮಾರುವಾಗ ಗೃಹಲಕ್ಷ್ಮಿ, ಮ್ಯಾಚ್ ಸೋತಾಗ ಕಾಲ್ಗುಣ. ಎರಡರಲ್ಲೂ ಅವರ ಸ್ವಂತ ಕೆಲಸದ ಮಾತೇ ಇಲ್ಲ. ನಮ್ಮ ಪುಟದಲ್ಲಿ ‘ಕಾಲ್ಗುಣ’ ಎಂಬ ಪದ ಬರದಂತೆ ನೋಡಿಕೊಂಡಿದ್ದೇನೆ. ಇದರಲ್ಲಿ ಮಾತ್ರ ನಾನು ಯಾರ ಮಾತೂ ಕೇಳಲ್ಲ.

ಕಷ್ಟ ಇರುವುದು ಪ್ರೆಸ್ ನೋಟ್ ಜೊತೆ. ಒಡವೆ ಅಂಗಡಿಯ ಶೂಟ್‌ನ ಫೋಟೊಗಳು ಪಿಆರ್‌ನವರಿಂದ ಪುಕ್ಕಟೆ ಬರುತ್ತವೆ. ಬೆಳಕು, ಬಣ್ಣ ಎಲ್ಲಾ ಅಚ್ಚುಕಟ್ಟು. ಚರ್ಮದ ಮೇಲೆ ಒಂದು ರಂಧ್ರ ಕಾಣಲ್ಲ. ಜೊತೆಗೆ ‘ಪತಿಯ ಪ್ರೀತಿಯ ಉಡುಗೊರೆಯಲ್ಲಿ ಕಂಗೊಳಿಸಿದ ತಾರೆ’ ಎಂಬ ಸಾಲೂ ಸಿದ್ಧ. ಆ ಹಾರ ಉಡುಗೊರೆಯಲ್ಲ, ಶೂಟ್ ಮುಗಿದ ತಕ್ಷಣ ಡಬ್ಬಿಗೆ ವಾಪಸ್ ಹೋಗಿದೆ. ಅದನ್ನು ಹಾಗೇ ಹಾಕಿದರೆ ಜಾಹೀರಾತು ಸುದ್ದಿಯ ವೇಷ ಹಾಕಿಕೊಂಡು ಬಂದ ಹಾಗೆ. ಸೋಷಿಯಲ್ ಮೀಡಿಯಾದಲ್ಲಿ ದುಡ್ಡು ಪಡೆದು ಹಾಕುವ ಪೋಸ್ಟಿಗೆ ಅದು ಜಾಹೀರಾತು ಎಂದು ಬರೆಯಬೇಕು ಅಂತ ಜಾಹೀರಾತು ಮಾನಕ ಮಂಡಳಿ 2021ರಲ್ಲೇ ನಿಯಮ ಮಾಡಿದೆ. ಅಚ್ಚಾಗುವ ಪುಟಕ್ಕೆ ಅದಕ್ಕಿಂತ ಕಡಿಮೆ ನಿಯತ್ತು ಇರಬಾರದು ಅಲ್ವಾ? ಹಾಗಾಗಿ ಅಂಥ ಫೋಟೊ ಹಾಕಲೇಬೇಕಾದಾಗ ‘ಒಡವೆ ಜಾಹೀರಾತೊಂದರ ಚಿತ್ರೀಕರಣದಲ್ಲಿ’ ಎಂದು ಸೇರಿಸುತ್ತೇನೆ. ಇದಕ್ಕೆ ಜಾಹೀರಾತು ವಿಭಾಗದಿಂದ ಎರಡು ಸಲ ಫೋನ್ ಬಂದಿದೆ. ಒಂದು ಸಲ ಸಾಲು ಉಳಿಯಿತು. ಇನ್ನೊಂದು ಸಲ ಹೋಯಿತು.

ವೆಬ್ ವಿಭಾಗದ ಗೆಳೆಯರು ‘ಬೆಡಗಿ ಹಾಕದಿದ್ರೆ ಯಾರೂ ಕ್ಲಿಕ್ ಮಾಡಲ್ಲ ಮೇಡಂ’ ಅಂತ ಈಗಲೂ ಹೇಳುತ್ತಾರೆ. ಅವರ ಪುಟ ನನ್ನ ಕೈಯಲ್ಲಿಲ್ಲ. ನನ್ನ ಪುಟಕ್ಕೆ ಮೊನ್ನೆ ಮತ್ತೆ ಒಂದು ಜೋಡಿಯ ಫೋಟೊ ಬಂತು. ಜಾಗ ಒಂದೇ ಕಾಲಂ. ಇಬ್ಬರ ಹೆಸರನ್ನೂ, ಇಬ್ಬರ ಮುಂದಿನ ಚಿತ್ರವನ್ನೂ ಬರೆದೆ. ಒಂದು ಸಾಲು ಉಕ್ಕಿತು. ಪುಟ ಕಟ್ಟುವ ಹುಡುಗ ಏನೂ ಹೇಳದೆ ಫೋಟೊದ ಮೇಲ್ಗಡೆ ಸ್ವಲ್ಪ ಕತ್ತರಿಸಿ, ಆ ಸಾಲಿಗೆ ಜಾಗ ಮಾಡಿಕೊಟ್ಟ.