ಅಮೆರಿಕದ ಆಂಟೆನಾ, ಬದಿಯಡ್ಕದ ಟಿವಿ

ಬಾವ ಅಮೆರಿಕದಿಂದ ಬರುವಾಗ ಕಾಗದದಷ್ಟು ತೆಳ್ಳಗಿನ ಆಂಟೆನಾ ತಂದಿದ್ದರು. ಅಲ್ಲಿ ಕಿಟಕಿಗೆ ಅಂಟಿಸಿದರೆ ಸಾಕು, ಬಿಟ್ಟಿ ಚಾನೆಲ್ ಬರುತ್ತವಂತೆ. ಬದಿಯಡ್ಕದ ನಮ್ಮ ಮನೆಯಲ್ಲಿ ಎರಡು ದಿನ ಹುಡುಕಿದೆ, ಒಂದೂ ಸಿಗಲಿಲ್ಲ. ತಪ್ಪು ಆಂಟೆನಾದ್ದಲ್ಲ. ಅಲ್ಲಿನ ಪ್ರಸಾರ ಎಟಿಎಸ್‌ಸಿ ಎಂಬ ಡಿಜಿಟಲ್ ಪದ್ಧತಿಯದ್ದು, ನಮ್ಮ ದೂರದರ್ಶನದ್ದು ಡಿವಿಬಿ-ಟಿ2 ಎಂಬ ಬೇರೆ ಪದ್ಧತಿ, ಅದೂ ಕೆಲವು ನಗರಗಳಲ್ಲಿ ಮಾತ್ರ; ಹಳೆ ಅನಲಾಗ್ ಟವರ್‌ಗಳನ್ನಂತೂ 2022ರ ಹೊತ್ತಿಗೆ ಹೆಚ್ಚುಕಡಿಮೆ ನಿಲ್ಲಿಸಿಯೇ ಬಿಟ್ಟರು. ಗಾಳಿಯಲ್ಲಿ ಏನೂ ಇಲ್ಲದಿದ್ದರೆ ಆಂಟೆನಾ ಹಿಡಿಯುವುದಾದರೂ ಏನನ್ನು, ಅಲ್ವಾ?

ಅಮ್ಮನಿಗೆ ಬೇಕಾದದ್ದು ಚಂದನ. ಸರಿ, ದೂರದರ್ಶನದ ಉಪಗ್ರಹ ಸೇವೆ ಡಿಡಿ ಫ್ರೀ ಡಿಶ್ ತಂದೆ, ತಿಂಗಳ ದುಡ್ಡಿಲ್ಲ. ಅಂಗಳದಲ್ಲಿ ನಿಲ್ಲಿಸಿದರೆ ಸಿಗ್ನಲ್ ಸೊನ್ನೆ. ಅದರ ಸಿಗ್ನಲ್ ಕಳಿಸುವ ಉಪಗ್ರಹ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ನಮ್ಮ ಕಡೆಯಿಂದ ನೋಡಿದರೆ ಪೂರ್ವದಿಂದ ಸುಮಾರು 33 ಡಿಗ್ರಿ ತೆಂಕಕ್ಕೆ, ನೆಲದಿಂದ 64 ಡಿಗ್ರಿ ಮೇಲೆ. ಸರಿಯಾಗಿ ಅದೇ ದಿಕ್ಕಿಗೆ ನಮ್ಮ ಅಡಿಕೆ ಮರಗಳು! ಡಿಶ್ಶನ್ನು ತಾರಸಿಗೆ ಸಾಗಿಸಿದೆ.

ಅಲ್ಲೂ ಒಂದು ಗಂಟೆ ಹಾಳು. 64 ಡಿಗ್ರಿ ಅಂತ ಸುಮ್ನೆ ಆಕಾಶಕ್ಕೆ ಮುಖ ಎತ್ತಬೇಡಿ. ಎಲ್‌ಎನ್‌ಬಿ (ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿ) ಕೆಳಗಿನಿಂದ ಚಾಚಿಕೊಂಡಿರುವ ಇಂಥ ಡಿಶ್ಶಿನ ಮುಖ ನೋಡಲಿಕ್ಕೆ ಅದಕ್ಕಿಂತ 20 ಡಿಗ್ರಿಗೂ ಜಾಸ್ತಿ ತಗ್ಗಿರಬೇಕು. ಮಗಳು ಒಳಗಿನಿಂದ "ಅಪ್ಪಾ ಬಂತು, ಅಯ್ಯೋ ಹೋಯ್ತು" ಎಂದು ಕೂಗುತ್ತಿದ್ದಳು, ನಾನು ಕೂದಲೆಳೆಯಷ್ಟು ತಿರುಗಿಸುತ್ತಿದ್ದೆ.

ಸೆಟ್-ಟಾಪ್ ಬಾಕ್ಸ್ ಮಾತ್ರ ಎಂಪೆಗ್-4 (ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ವಿಧಾನ) ಇರುವುದನ್ನೇ ತಗೊಳ್ಳಿ, ಹಳೆಯದರಲ್ಲಿ ಕೆಲವು ಚಾನೆಲ್ ಬರುವುದಿಲ್ಲ.

ಬಾವನ ಆಂಟೆನಾ ಅಟ್ಟದಲ್ಲಿದೆ. ಅವರಿಗೆ ಇನ್ನೂ ಹೇಳಿಲ್ಲ.