ಸೌನಾ: ಕೂರುವುದು ಸುಲಭ, ಏಳುವುದರಲ್ಲಿದೆ ಎಚ್ಚರ

90 ಡಿಗ್ರಿ ನೀರಿಗೆ ಬೆರಳಿಟ್ಟರೆ ಬೊಬ್ಬೆ ಏಳುತ್ತದೆ. ಅಷ್ಟೇ ಬಿಸಿಯ ಫಿನ್ಲೆಂಡ್ ಸೌನಾದಲ್ಲಿ, ಅಂದರೆ ಒಲೆಯ ಮೇಲೆ ಕಲ್ಲು ಕಾಯಿಸಿ ಬಿಸಿ ಮಾಡಿದ ಕೋಣೆಯಲ್ಲಿ, ಜನ ಹತ್ತು ನಿಮಿಷ ಹಾಯಾಗಿ ಕೂತಿರುತ್ತಾರೆ. ಅಲ್ಲಿನ ಗಾಳಿ ಒಣಗಾಳಿ. ಬೆವರು ಬೇಗ ಆರಿ ಮೈ ತಣಿಸುತ್ತದೆ. ಜಿಮ್, ರೆಸಾರ್ಟ್‌ಗಳ ಸ್ಟೀಮ್ ರೂಮ್‌ನಲ್ಲಿ ಬಿಸಿ 45 ಡಿಗ್ರಿಯ ಆಸುಪಾಸು ಇದ್ದರೂ ಹಬೆ ತುಂಬಿರುವುದರಿಂದ ಬೆವರು ಆರುವುದಿಲ್ಲ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಬೇಡಿ.

ಯಾರಿಗೆ ಬೇಡ?

ಇತ್ತೀಚೆಗೆ ಹೃದಯಾಘಾತ ಆದವರು, ಸುಮ್ಮನೆ ಕೂತಾಗಲೂ ಎದೆನೋವು ಬರುವವರು, ಹೃದಯದ ಮಹಾಪಧಮನಿ ಕವಾಟ ತೀರಾ ಕಿರಿದಾದವರು ಹೋಗಲೇಬಾರದು. ಜ್ವರ, ಭೇದಿ ಇದ್ದ ದಿನವೂ ಬೇಡ. ಗರ್ಭಿಣಿಯರು, ಬಿಪಿ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಹೋಗಬೇಕು. ಮಗುವಿಗೆ ಪ್ರಯತ್ನಿಸುತ್ತಿರುವ ಗಂಡಸರಿಗೂ ಒಂದು ಮಾತು: ಪದೇ ಪದೇ ಸೌನಾ ಮಾಡಿದರೆ ವೀರ್ಯಾಣು ಸಂಖ್ಯೆ ಕೆಲವು ತಿಂಗಳ ಮಟ್ಟಿಗೆ ಇಳಿಯಬಹುದು. ಹಲವರಿಗೆ ಗೊತ್ತಿಲ್ಲದ ಅಪಾಯ ಇನ್ನೊಂದಿದೆ. ಮೈಗೆ ಅಂಟಿಸುವ ಫೆಂಟನಿಲ್ ನೋವಿನ ಪಟ್ಟಿ ಬಿಸಿಗೆ ಔಷಧವನ್ನು ಬೇಗ ಬಿಟ್ಟು ಉಸಿರಾಟವನ್ನೇ ಕುಗ್ಗಿಸಬಲ್ಲದು.

ಒಳಹೋಗುವ ಮುನ್ನ

ಎರಡು ಲೋಟ ನೀರು ಕುಡಿಯಿರಿ. ಒಮ್ಮೆ ಕೂತೆದ್ದರೆ ಸುಮಾರು ಅರ್ಧ ಲೀಟರ್ ಬೆವರು ಹೋಗುತ್ತದೆ. ಹೊಟ್ಟೆ ಬಿರಿಯೆ ಉಂಡು ಹೋಗಬೇಡಿ. ಕುಡಿದು ಹೋಗುವುದಂತೂ ಬೇಡವೇ ಬೇಡ: ಬಿಪಿ ಇಳಿಯುತ್ತದೆ, ನಿದ್ದೆ ಹತ್ತುತ್ತದೆ, ಬಿಸಿ ಮಿತಿಮೀರಿದ್ದು ತಿಳಿಯುವುದೇ ಇಲ್ಲ. ಉಂಗುರ, ಬಳೆ, ಸರ ತೆಗೆದಿಡಿ. ಕಾದ ಲೋಹ ಚರ್ಮ ಸುಡುತ್ತದೆ. ಬಾಗಿಲು ಹೊರಕ್ಕೆ ತೆರೆಯಬೇಕು, ಚಿಲಕ ಇರಬಾರದು. ಒಬ್ಬರೇ ಹೋಗಬೇಡಿ.

ಒಳಗೆ

ಸ್ನಾನ ಮಾಡಿ, ಮೈ ಒರೆಸಿಕೊಂಡು, ಟವೆಲ್ ಹಾಸಿ ಕೆಳಗಿನ ಹಲಗೆಯ ಮೇಲೆ ಕೂರಿ. ಬಿಸಿಯೆಲ್ಲ ಮೇಲೆ ಏರಿರುತ್ತದೆ. ಹೊಸಬರಿಗೆ 5–8 ನಿಮಿಷ ಸಾಕು, ರೂಢಿಯಾದವರಿಗೂ 15 ದಾಟಬಾರದು. ಕಾದ ಕಲ್ಲುಗಳ ಮೇಲೆ ಚಿಕ್ಕ ಸೌಟಿನಲ್ಲಿ ನಿಧಾನವಾಗಿ, ಪಕ್ಕದಿಂದ ನೀರು ಹಾಕಿ. ಕೈ ಕಲ್ಲುಗಳ ನೇರ ಮೇಲಿದ್ದರೆ ಹಬೆ ಬಡಿಯುತ್ತದೆ. ಈ ಹಬೆಗೆ ಫಿನ್ನಿಷ್ ಜನ 'ಲೊಯ್ಲು' ಎನ್ನುತ್ತಾರೆ. ಚರ್ಮಕ್ಕೆ ತಾಗಿ ನೀರಾಗುವಾಗ ಅದು ತನ್ನ ಬಿಸಿಯನ್ನೆಲ್ಲ ಅಲ್ಲೇ ಬಿಡುವುದರಿಂದ ಕಿವಿ, ಮೂಗು ಚುರ್ರೆನ್ನುತ್ತವೆ. ನೀಲಗಿರಿ ತೈಲವನ್ನು ನೇರವಾಗಿ ಕಲ್ಲಿಗೆ ಸುರಿದರೆ ಬೆಂಕಿ ಹತ್ತೀತು. ಒಲೆಯ ಮೇಲೆ ಬಟ್ಟೆ ಒಣಹಾಕುವುದೂ ಹಾಗೆಯೇ.

ಜಿದ್ದಿಗೆ ಬಿದ್ದು ಕೂರುವುದು ಮೂರ್ಖತನ. ಫಿನ್ಲೆಂಡಿನ ಹೈನೋಲಾದಲ್ಲಿ ನಡೆಯುತ್ತಿದ್ದ ವಿಶ್ವ ಸೌನಾ ಚಾಂಪಿಯನ್‌ಶಿಪ್‌ನ 2010ರ ಫೈನಲ್‌ನಲ್ಲಿ, 110 ಡಿಗ್ರಿ ಬಿಸಿಯಲ್ಲಿ ಆರು ನಿಮಿಷ ಕೂತ ಸ್ಪರ್ಧಿಯೊಬ್ಬರು ತೀರಿಕೊಂಡರು. ಸ್ಪರ್ಧೆಯೇ ನಿಂತುಹೋಯಿತು.

ಏಳುವಾಗ

ಬಿಸಿಗೆ ಚರ್ಮದ ರಕ್ತನಾಳಗಳು ಹಿಗ್ಗಿರುತ್ತವೆ, ನಾಡಿ ನಿಮಿಷಕ್ಕೆ 100 ದಾಟಿರುತ್ತದೆ. ದಢಕ್ಕನೆ ಎದ್ದರೆ ರಕ್ತ ಕಾಲಿಗಿಳಿದು ಕಣ್ಣು ಕತ್ತಲೆ ಬರುತ್ತದೆ. ಪಕ್ಕದಲ್ಲೇ ಕೆಂಡದಂಥ ಒಲೆ! ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂತು, ಗೋಡೆ ಹಿಡಿದು ಏಳಿ. ತಲೆಸುತ್ತು, ವಾಕರಿಕೆ, ತಲೆನೋವು ಕಂಡರೆ ಗಡಿಯಾರ ನೋಡದೆ ಹೊರಡಿ.

ಹೊರಗೆ ಬಂದು ಗಾಳಿಗೆ ಕೂತು, ಉಗುರುಬೆಚ್ಚಗಿನ ನೀರಿನಿಂದ ಶುರುಮಾಡಿ ಮೈ ತಣಿಸಿ. ಕೂಡಲೇ ಹಿಮದ ನೀರಿಗೆ ಧುಮುಕಿದರೆ ಬಿಪಿ ಒಮ್ಮೆಲೇ ಏರಿ ಹೃದಯದ ಬಡಿತ ತಪ್ಪಬಹುದು. ಹತ್ತು ನಿಮಿಷವಾದರೂ ಬಿಟ್ಟು ಇನ್ನೊಂದು ಸುತ್ತು ಕೂರಬಹುದು.

ಯಾರಾದರೂ ಕುಸಿದರೆ ಮೊದಲು ಹೊರಗೆ ತನ್ನಿ, ಮಲಗಿಸಿ, ಮೈಗೆ ತಣ್ಣೀರು ಹಾಕಿ ಗಾಳಿ ಬೀಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ತುರ್ತು ಕರೆಯ ಸಂಖ್ಯೆ ಹೆಲ್ಸಿಂಕಿಯಲ್ಲೂ ಬೆಂಗಳೂರಿನಲ್ಲೂ ಒಂದೇ: 112.