ಸ್ಕ್ಯಾನ್ ಸರಿಯಿದ್ದರೂ ಕಾಡುವ ಮರೆವು

ಕೊಡಗಿನ ನನ್ನ ಚಿಕಿತ್ಸಾಲಯಕ್ಕೆ ತಲೆಪೆಟ್ಟಿನವರು ಬರುವುದಕ್ಕೂ ಒಂದು ಋತುಮಾನವಿದೆ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕರಿಮೆಣಸು ಕೊಯ್ಯಲು ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿದವರು ಬೀಳುತ್ತಾರೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ತಿರುವುಗಳಲ್ಲಿ ಸ್ಕೂಟರ್ ಜಾರಿದವರು ಬರುತ್ತಾರೆ. ಇವರಲ್ಲಿ ಹೆಚ್ಚಿನವರದು ವೈದ್ಯಕೀಯ ಲೆಕ್ಕದಲ್ಲಿ ಸೌಮ್ಯ ಪೆಟ್ಟು. ಅಂದರೆ, ಪ್ರಜ್ಞೆಯ ಮಟ್ಟವನ್ನು ಅಳೆಯಲು 1974ರಲ್ಲಿ ರೂಪುಗೊಂಡ ಗ್ಲಾಸ್ಗೋ ಮಾಪನದಲ್ಲಿ 13ರಿಂದ 15 ಅಂಕ, ಪ್ರಜ್ಞೆ ತಪ್ಪಿದ್ದರೆ ಅರ್ಧ ಗಂಟೆಯೊಳಗೆ ಮರಳಿರಬೇಕು, ಪೆಟ್ಟಿನ ನಂತರದ ವಿಸ್ಮೃತಿ 24 ಗಂಟೆ ಮೀರಿರಬಾರದು.

ಸಿ.ಟಿ. ಸ್ಕ್ಯಾನ್ ಸಾಮಾನ್ಯವಾಗಿ ಏನನ್ನೂ ತೋರಿಸುವುದಿಲ್ಲ. ಆದರೆ ತಲೆ ಹಠಾತ್ತನೆ ತಿರುಗಿ ನಿಂತಾಗ ಮಿದುಳಿನ ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ನರತಂತುಗಳು ಎಳೆಯಲ್ಪಡುತ್ತವೆ. ನರಕೋಶದಿಂದ ಪೊಟ್ಯಾಸಿಯಂ ಹೊರಹೋಗುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಆ ಸಮತೋಲನವನ್ನು ಸರಿಪಡಿಸಲು ಹೆಚ್ಚು ಗ್ಲೂಕೋಸ್ ಬೇಕಾದ ಹೊತ್ತಿನಲ್ಲೇ ರಕ್ತದ ಹರಿವು ಕಡಿಮೆಯಾಗಿರುತ್ತದೆ. ಈ ಅಭಾವ ರಕ್ತಸ್ರಾವವನ್ನು ಹುಡುಕುವ ಸ್ಕ್ಯಾನಿಗೆ ಕಾಣುವಂಥದ್ದಲ್ಲ. ಆದ್ದರಿಂದ "ಸ್ಕ್ಯಾನ್ ಸರಿಯಿದೆ, ನಿಮಗೇನೂ ಆಗಿಲ್ಲ" ಎಂಬ ಮಾತನ್ನು ನಾನು ಯಾರಿಗೂ ಹೇಳುವುದಿಲ್ಲ. ರಕ್ತಸ್ರಾವವಿಲ್ಲ ಎಂದಷ್ಟೇ ಹೇಳುತ್ತೇನೆ.

ಮರೆವು ಎಂದು ಬಂದವರಲ್ಲಿ ನಾನು ಮೊದಲು ಪರೀಕ್ಷಿಸುವುದು ಗಮನವನ್ನು. ಐದು ಪದಗಳನ್ನು ಹೇಳಿಸಿ, ಸ್ವಲ್ಪ ಹೊತ್ತು ಬೇರೆ ಮಾತಾಡಿ, ಮತ್ತೆ ಕೇಳುತ್ತೇನೆ. ನೆನಪಾಗದಿದ್ದರೆ "ಅದೊಂದು ಹಣ್ಣು" ಎಂಬಂಥ ಸುಳಿವು ಕೊಡುತ್ತೇನೆ. ಸುಳಿವಿಗೆ ಪದ ಹೊರಬಂದರೆ ಅದು ಒಳಗೆ ದಾಖಲಾಗಿದೆ, ಹುಡುಕಿ ತೆಗೆಯುವ ವೇಗ ಕುಂದಿದೆ ಎಂದು ತಿಳಿಯುತ್ತೇನೆ. ಸೌಮ್ಯ ಪೆಟ್ಟಿನಲ್ಲಿ ನಾನು ಹೆಚ್ಚಾಗಿ ಕಾಣುವುದು ಇದನ್ನೇ. ನೂರರಿಂದ ಏಳೇಳು ಕಳೆಯುವ ಪರೀಕ್ಷೆ ಶಾಲೆಗೆ ಹೋಗದ ಕಾರ್ಮಿಕರಿಗೆ ನ್ಯಾಯ ಒದಗಿಸುವುದಿಲ್ಲ. ಅವರಿಗೆ ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಲು, ನಿನ್ನೆ ಯಾವ ಭಾಗದ ತೋಟದಲ್ಲಿ ಯಾರ್‍ಯಾರೊಡನೆ ಕೆಲಸ ಮಾಡಿದರೆಂದು ವಿವರಿಸಲು ಕೇಳಿ, ಜೊತೆಗೆ ಬಂದ ಮೇಸ್ತ್ರಿಯಿಂದ ತಾಳೆ ನೋಡುತ್ತೇನೆ.

ತೋಟವೊಂದರಲ್ಲಿ ಕಾರ್ಮಿಕರ ಹಾಜರಿ ಪುಸ್ತಕವಾದ ಚೆಕ್‌ರೋಲ್ ಬರೆಯುವ ರೈಟರ್ ಏಣಿಯಿಂದ ಬಿದ್ದು ಕೆಲವು ವಾರಗಳಾದ ಮೇಲೆ ಬಂದಿದ್ದರು. "ಡಾಕ್ಟ್ರೇ, ಚೆಕ್‌ರೋಲ್ ಬರೆಯುವಾಗ ಒಬ್ಬರು ಮಾತಾಡಿಸಿದರೆ ಸಾಕು, ಯಾರ ಹೆಸರಿನಲ್ಲಿದ್ದೆ ಅನ್ನೋದೇ ಹೋಗ್ತದೆ" ಎಂದರು. ರಾತ್ರಿ ನಿದ್ರೆ ಇರಲಿಲ್ಲ, ಹಗಲಿಡೀ ತಲೆನೋವು, ಕೆಲಸ ಕಳೆದುಕೊಳ್ಳುವ ಭಯ ಬೇರೆ. ಅವರಿಗೆ ನೆನಪಿನ ಶಕ್ತಿಯ ಟಾನಿಕ್ ಬರೆದುಕೊಡುವುದು ಸುಲಭವಾಗಿತ್ತು, ಆದರೆ ಈ ತೊಂದರೆಗೆ ಪ್ರಯೋಜನ ಸಾಬೀತಾದ ಅಂಥ ಔಷಧವಿಲ್ಲ. ಮೊದಲು ನಿದ್ರೆ ಮತ್ತು ತಲೆನೋವಿಗೆ ಚಿಕಿತ್ಸೆ ಕೊಟ್ಟೆ, ಮದ್ಯವನ್ನು ಪೂರ್ತಿ ಬಿಡಿಸಿದೆ. ಹಾಜರಿಯನ್ನು ಬೆಳಿಗ್ಗೆ, ಬೇರೆ ಯಾರೂ ಇಲ್ಲದ ಕೋಣೆಯಲ್ಲಿ, ನಡುನಡುವೆ ವಿರಾಮ ಕೊಟ್ಟು ಬರೆಯುವಂತೆ ಮಾಲೀಕರೊಡನೆ ಮಾತಾಡಿ ಏರ್ಪಾಟು ಮಾಡಿದೆ. ಹೇಳಿದ್ದನ್ನೆಲ್ಲ ಆ ಕ್ಷಣವೇ ಬರೆದುಕೊಳ್ಳಲು ಜೇಬಿನಲ್ಲೊಂದು ಪುಸ್ತಕವಿರಲೆಂದೆ. ತಲೆ ದಣಿದಾಗ ಒತ್ತಾಯಿಸದೆ ನಿಲ್ಲಿಸುವುದನ್ನು ಅವರಿಗೆ ಒಪ್ಪಿಸುವುದಕ್ಕೆ ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯಿತು.

ಪೆಟ್ಟು ಬಿದ್ದ ಮೊದಲ 24ರಿಂದ 48 ಗಂಟೆ ವಿಶ್ರಾಂತಿ ಬೇಕು. ಆಮೇಲೆ ವಾರಗಟ್ಟಲೆ ಕತ್ತಲ ಕೋಣೆಯಲ್ಲಿ ಮಲಗಿಸುವುದರಿಂದ ಚೇತರಿಕೆ ತಡವಾಗಬಹುದು. ಅಂಗಳದ ನಡಿಗೆ, ಹಗುರ ಕೆಲಸ, ಹೀಗೆ ಲಕ್ಷಣ ಹೆಚ್ಚದಂತೆ ಏರಿಸುತ್ತಾ ಹೋಗಬೇಕು. ಬೇಸಿಗೆಯಲ್ಲಿ ಕೊಡವ ಕುಟುಂಬಗಳ ನಡುವೆ ನಡೆಯುವ ಕೌಟುಂಬಿಕ ಹಾಕಿ ಆಡುವ ಹುಡುಗರನ್ನು ಲಕ್ಷಣಗಳು ಪೂರ್ತಿ ಹೋಗುವವರೆಗೆ ನಾನು ಮೈದಾನಕ್ಕೆ ಬಿಡುವುದಿಲ್ಲ, ಏಕೆಂದರೆ ಚೇತರಿಸಿಕೊಳ್ಳದ ಮಿದುಳಿಗೆ ಎರಡನೇ ಪೆಟ್ಟು ಬಹಳ ಅಪಾಯಕಾರಿ. ಮನೆಯವರಿಗೂ ಸ್ಪಷ್ಟವಾಗಿ ಹೇಳಿ ಕಳಿಸುತ್ತೇನೆ: ಪದೇಪದೇ ವಾಂತಿ, ಏರುತ್ತಿರುವ ತಲೆನೋವು, ಎಬ್ಬಿಸಲಾಗದ ಮಂಪರು, ಅಪಸ್ಮಾರ, ಕೈಕಾಲಿನ ನಿಶ್ಶಕ್ತಿ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ. ವಯಸ್ಸಾದವರಲ್ಲಿ, ರಕ್ತ ತೆಳುಗೊಳಿಸುವ ಮಾತ್ರೆ ನುಂಗುವವರಲ್ಲಿ ವಾರಗಳ ನಂತರ ಹೊಸದಾಗಿ ಮರೆವು ಶುರುವಾದರೆ ಮತ್ತೆ ಸ್ಕ್ಯಾನ್ ಮಾಡಿಸುತ್ತೇನೆ. ಮಿದುಳಿನ ಹೊದಿಕೆಯ ಕೆಳಗೆ ರಕ್ತ ನಿಧಾನವಾಗಿ ಸೇರಿರಬಹುದು.

ಹೆಚ್ಚಿನವರು ಮೂರು ತಿಂಗಳೊಳಗೆ ಸುಧಾರಿಸುತ್ತಾರೆ. ಆಮೇಲೂ ಮರೆವು ಉಳಿದವರಲ್ಲಿ ಖಿನ್ನತೆಯನ್ನು ಹುಡುಕುತ್ತೇನೆ, ಅಗತ್ಯವಿದ್ದರೆ ವಿವರವಾದ ನರಮನೋವೈಜ್ಞಾನಿಕ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಪತ್ರ ಬರೆದುಕೊಡುತ್ತೇನೆ. ರೈಟರ್ ಮಳೆಗಾಲದ ಹೊತ್ತಿಗೆ ಪೂರ್ಣ ಹಾಜರಿಯ ಹೊಣೆ ಹೊತ್ತರು. ಏಣಿ ಹತ್ತಲು ಮಾತ್ರ ನಾನಿನ್ನೂ ಒಪ್ಪಿಗೆ ಕೊಟ್ಟಿಲ್ಲ.